ಕೊಡಗಿನ ಒಂದು ಕಾಫಿ ಚೀಲ ಹಿಡಿದು ಲಾಜಿಸ್ಟಿಕ್ಸ್ ಕಲಿಯೋಣ: ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಹಂತ ಹಂತದ ಮಾರ್ಗದರ್ಶಿ

ಇಂಜಿನಿಯರಿಂಗ್ ಓದುವವರಿಗೆ ಸಪ್ಲೈ ಚೈನ್ (ಸರಕು ಹುಟ್ಟಿದಲ್ಲಿಂದ ಬಳಸುವವರ ತನಕದ ಸರಪಳಿ) ಅನ್ನೋದು ಹೆಚ್ಚಾಗಿ ಎಲೆಕ್ಟಿವ್ ಆಗಿ ಬರುತ್ತದೆ. ಇಂಟರ್ನಲ್ಸ್ ಹಿಂದಿನ ರಾತ್ರಿ ನಾಲ್ಕು ಡೆಫಿನಿಷನ್ ಬಾಯಿಪಾಠ, ಒಂದು ಸೂತ್ರ, ಒಂದು ಚಿತ್ರ. ಮುಗೀತು. ಕೊಡಗಿನಲ್ಲಿದ್ದುಕೊಂಡು ಹೀಗೆ ಓದುವುದು ದೊಡ್ಡ ನಷ್ಟ. ಪೊನ್ನಂಪೇಟೆಯಲ್ಲಿರಲಿ, ಕುಶಾಲನಗರದಲ್ಲಿರಲಿ, ಹಾಸ್ಟೆಲ್ ಗೇಟು ದಾಟಿದರೆ ಸಾಕು, ಇಟಲಿಯ ತನಕ ಹೋಗುವ ಸರಕು ನಿಮ್ಮ ಕಣ್ಣೆದುರೇ ಪಿಕಪ್ಪಿನಲ್ಲಿ ಹೋಗುತ್ತಿರುತ್ತದೆ. ದೇಶದ ಕಾಫಿಯಲ್ಲಿ ಸುಮಾರು 70 ಶೇಕಡಾ ಕರ್ನಾಟಕದ್ದು, ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ಕೊಡಗಿನದು. ಜಿಲ್ಲೆಯಲ್ಲಿ ರೈಲು ಹಳಿ ಇಲ್ಲ, ಬಂದರು ಘಟ್ಟದ ಕೆಳಗಿದೆ, ಮಳೆಗಾಲದಲ್ಲಿ ರಸ್ತೆಯನ್ನು ನಂಬುವ ಹಾಗಿಲ್ಲ. ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ಬೇಕಾ?

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಲಾಜಿಸ್ಟಿಕ್ಸ್ ಅಂದರೆ ಲಾರಿ ಓಡಿಸುವುದು ಅಂದುಕೊಂಡವರು ಅರ್ಧವನ್ನೂ ನೋಡಿರುವುದಿಲ್ಲ. ಸರಕು ಎಲ್ಲಿ, ಎಷ್ಟು ದಿನ, ಯಾಕೆ ಸುಮ್ನೆ ನಿಂತಿದೆ, ಅಲ್ಲಿ ನಿಂತಿದ್ದಕ್ಕೆ ದುಡ್ಡು ಯಾರ ಜೇಬಿನಿಂದ ಹೋಗುತ್ತಿದೆ, ಇದನ್ನು ಲೆಕ್ಕ ಹಾಕಲು ಬಂದರೆ ಈ ವಿಷಯದ ಮುಕ್ಕಾಲು ಪಾಲು ಬಂದ ಹಾಗೆ.

ಹೆಜ್ಜೆ 1: ಒಂದೇ ಸರಕು ಆರಿಸಿಕೊಂಡು ದಾರಿ ಬರೆಯಿರಿ

ಕರಿಮೆಣಸು, ಏಲಕ್ಕಿ, ಕಿತ್ತಳೆ ಯಾವುದಾದರೂ ಆಗುತ್ತದೆ. ಇಲ್ಲಿ ರೋಬಸ್ಟಾ ಚೆರಿ, ಅಂದರೆ ರೋಬಸ್ಟಾ ಜಾತಿಯ ಕಾಫಿಯ ಸಿಪ್ಪೆ ಸಮೇತ ಒಣಗಿಸಿದ ಹಣ್ಣು ತೆಗೆದುಕೊಳ್ಳೋಣ. ದೊಡ್ಡ ಬಿಳಿ ಹಾಳೆಯಲ್ಲಿ ಎಡದಿಂದ ಬಲಕ್ಕೆ ಬರೆಯುತ್ತಾ ಹೋಗಿ: ತೋಟ, ಕಣ, ಬೆಳೆಗಾರರ ಗೋಡೌನು, ಊರಿನ ವ್ಯಾಪಾರಿ, ಕ್ಯೂರಿಂಗ್ ವರ್ಕ್ಸ್, ರಫ್ತುದಾರ, ಬಂದರು, ಹಡಗು, ಆ ಕಡೆಯ ಬಂದರು, ರೋಸ್ಟರ್ (ಬೀಜ ಹುರಿಯುವವರು), ಅಂಗಡಿ, ಕುಡಿಯುವ ಕಪ್ಪು.

ರೋಬಸ್ಟಾ ಕುಯ್ಲು ಜನವರಿಯಿಂದ ಮಾರ್ಚ್ ತನಕ. ಹಣ್ಣನ್ನು ಕಣದಲ್ಲಿ ಹರಡಿ ಒಣಗಿಸುತ್ತಾರೆ, ಒಳ್ಳೆ ಬಿಸಿಲಿದ್ದರೆ ಎರಡು ವಾರದ ಆಸುಪಾಸು. ಒಣಗಿದ ಚೆರಿಯನ್ನು 50 ಕೆ.ಜಿ. ಗೋಣಿ ಚೀಲದಲ್ಲಿ ತುಂಬಿ ಇಡುತ್ತಾರೆ. ಆಮೇಲೆ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಸಿಪ್ಪೆ ಬಿಡಿಸಿ, ಜರಡಿ ಹಿಡಿದು, ಗಾತ್ರ ಮತ್ತು ಬಣ್ಣದ ಮೇಲೆ ವಿಂಗಡಿಸಿ, ರಫ್ತಿಗಾದರೆ 60 ಕೆ.ಜಿ. ಚೀಲದಲ್ಲಿ ತುಂಬುತ್ತಾರೆ.

ಈಗ ಅದೇ ಹಾಳೆಯಲ್ಲಿ ಮೂರು ಬಣ್ಣದ ಪೆನ್ನು ಬಳಸಿ. ಒಂದು ಬಣ್ಣ ಸರಕಿಗೆ, ಒಂದು ದುಡ್ಡಿಗೆ, ಒಂದು ಮಾಹಿತಿಗೆ. ಸರಕು ತೋಟದಿಂದ ಕಪ್ಪಿನ ಕಡೆಗೆ ಹೋಗುತ್ತದೆ, ದುಡ್ಡು ವಾಪಸ್ ಬರುತ್ತದೆ. ಮಾಹಿತಿಯದ್ದೇ ತಮಾಷೆ. ರೋಬಸ್ಟಾದ ದರ ನಿಂತಿರುವುದು ಲಂಡನ್ನಿನ ವಾಯಿದಾ ಮಾರುಕಟ್ಟೆಯಲ್ಲಿ (ಮುಂದೆ ಕೊಡುವ ಸರಕಿಗೆ ಈಗಲೇ ದರ ಕಟ್ಟುವ ಮಾರುಕಟ್ಟೆ), ಟನ್ನಿಗೆ ಇಷ್ಟು ಡಾಲರ್ ಅಂತ. ಆ ಸಂಖ್ಯೆ ಗೋಣಿಕೊಪ್ಪದ ವ್ಯಾಪಾರಿಯ ಮೊಬೈಲಿಗೆ ನಿಮಿಷದಲ್ಲಿ ಬರುತ್ತದೆ. ಆದರೆ ಪಕ್ಕದ ಊರಿನ ಗೋಡೌನಿನಲ್ಲಿ ಎಷ್ಟು ಚೀಲ ಇದೆ ಅನ್ನೋದು ಅವರಿಗೆ ಗೊತ್ತಿರುವುದಿಲ್ಲ. ನಿಮ್ಮ ನಕ್ಷೆಯಲ್ಲಿ ಇಂಥ ಮಾಹಿತಿ ಕಡಿದುಹೋದ ಜಾಗಗಳಿಗೆ ಕೆಂಪು ಗುರುತು ಹಾಕಿ. ಮುಂದೆ ಪ್ರಾಜೆಕ್ಟ್ ಹುಟ್ಟುವುದು ಅಲ್ಲಿಂದಲೇ.

ಹೆಜ್ಜೆ 2: ನಿಂತ ದಿನಗಳನ್ನು ಎಣಿಸಿ

ನಕ್ಷೆಯ ಪ್ರತಿ ಕೊಂಡಿಯ ಕೆಳಗೆ ಎರಡು ಸಂಖ್ಯೆ ಬರೆಯಿರಿ: ಚಲಿಸಿದ ಸಮಯ, ನಿಂತ ಸಮಯ. ಕುಶಾಲನಗರದಿಂದ ಮಂಗಳೂರಿನ ಪಣಂಬೂರು ಬಂದರಿಗೆ ಲಾರಿ ಒಂದೇ ದಿನದಲ್ಲಿ ತಲುಪುತ್ತದೆ. ಆದರೆ ಅದೇ ಕಾಫಿ ಬೆಳೆಗಾರರ ಗೋಡೌನಿನಲ್ಲಿ ದರ ಏರಲಿ ಅಂತ ತಿಂಗಳುಗಟ್ಟಲೆ ಕೂತಿರಬಹುದು, ಕ್ಯೂರಿಂಗ್‌ನಲ್ಲಿ ಸರದಿಗೆ ಕಾದಿರಬಹುದು, ಬಂದರಿನಲ್ಲಿ ಹಡಗಿಗೆ ಕಾದಿರಬಹುದು.

ಕಾಯುವುದನ್ನು ಅಳೆಯಲು ಒಂದು ಸರಳ ನಿಯಮ ಇದೆ. ಜಾನ್ ಲಿಟಲ್ ಅನ್ನುವವರು 1961ರಲ್ಲಿ ಇದನ್ನು ಗಣಿತದಲ್ಲಿ ಸಾಧಿಸಿ ತೋರಿಸಿದರು, ಅದಕ್ಕೇ ಲಿಟಲ್ ನಿಯಮ ಅಂತ ಹೆಸರು. ಒಳಗಿರುವ ಸರಕು = ದಿನಕ್ಕೆ ಹರಿಯುವ ಸರಕು × ಸರಾಸರಿ ಕಾಯುವ ದಿನ. ಒಂದು ಕ್ಯೂರಿಂಗ್ ವರ್ಕ್ಸ್ ದಿನಕ್ಕೆ 20 ಟನ್ ಮುಗಿಸುತ್ತದೆ, ಒಳಗೆ 400 ಟನ್ ಇದೆ ಅಂತಿಟ್ಟುಕೊಳ್ಳಿ. ಹಾಗಾದರೆ ಇವತ್ತು ಒಳಗೆ ಹೋದ ಚೀಲ ಹೊರಗೆ ಬರಲು ಸರಾಸರಿ 20 ದಿನ. ಯಾರ ಹತ್ತಿರವೂ ರಿಜಿಸ್ಟರ್ ಕೇಳಬೇಕಾಗಿಲ್ಲ, ಗೋಡೌನಿನ ರಾಶಿ ಮತ್ತು ದಿನದ ಔಟ್‌ಪುಟ್ ಗೊತ್ತಾದರೆ ಸಾಕು. ಹರಿವು ಸ್ಥಿರವಾಗಿದ್ದಾಗ ಮಾತ್ರ ಈ ಲೆಕ್ಕ ಸರಿ ಕೂರುತ್ತದೆ. ಕುಯ್ಲು ಜೋರಾಗಿ ರಾಶಿ ದಿನದಿನವೂ ಬೆಳೆಯುತ್ತಿರುವಾಗ ಒಂದು ದಿನದ ಸಂಖ್ಯೆ ಹಿಡಿದು ಮಾತಾಡಬೇಡಿ.

ಕಾಯುವುದಕ್ಕೆ ಬೆಲೆ ಕಟ್ಟುವುದೂ ಸುಲಭ. ಲೆಕ್ಕಕ್ಕೆ ಒಂದು ಚೀಲ ಚೆರಿಗೆ 10,000 ರೂಪಾಯಿ, ಬಡ್ಡಿ ವರ್ಷಕ್ಕೆ 12 ಶೇಕಡಾ ಇಟ್ಟುಕೊಳ್ಳಿ. ತಿಂಗಳಿಗೆ ಚೀಲಕ್ಕೆ 100 ರೂಪಾಯಿ. ಆರು ತಿಂಗಳು ಹಿಡಿದಿಟ್ಟರೆ 600. ಅಂದರೆ ದರ 10,600 ದಾಟದಿದ್ದರೆ ಹಿಡಿದಿಟ್ಟವರಿಗೆ ಲಾಭ ಇಲ್ಲ. ಇದರ ಮೇಲೆ ತೇವ, ಹುಳ, ಗೋಡೌನ್ ಬಾಡಿಗೆ ಬೇರೆ. ಬೆಳೆಗಾರರು ದಡ್ಡರು ಅಂತ ಹೇಳುತ್ತಿಲ್ಲ, ದರ ಎರಡು ಪಟ್ಟು ಏರಿದ ವರ್ಷಗಳನ್ನೂ ಅವರು ನೋಡಿದ್ದಾರೆ. ಆದರೆ ಹಿಡಿದಿಡುವುದಕ್ಕೂ ಖರ್ಚಿದೆ ಅನ್ನೋದನ್ನು ಕಾಗದದ ಮೇಲೆ ನೋಡಿದವರು ಕಡಿಮೆ.

ಹೆಜ್ಜೆ 3: ತೂಕ ಎಲ್ಲಿ ಇಳಿಯುತ್ತದೆ ನೋಡಿ

ಕೊಡಗಿನ ವ್ಯಾಪಾರದಲ್ಲಿ 'ಓಟಿ' ಅನ್ನುವ ಮಾತು ಕೇಳಿರುತ್ತೀರಿ. 50 ಕೆ.ಜಿ. ಚೆರಿ ಚೀಲದಿಂದ ಎಷ್ಟು ಕೆ.ಜಿ. ಶುದ್ಧ ಬೀಜ ಸಿಗುತ್ತದೆ ಅನ್ನೋದೇ ಅದು. ರೋಬಸ್ಟಾಕ್ಕೆ 26ರಿಂದ 28ರ ಆಸುಪಾಸು. ಇದಕ್ಕೂ ಹಿಂದೆ ಹೋದರೆ, 4ರಿಂದ 5 ಕೆ.ಜಿ. ಹಣ್ಣು ಕೊಯ್ದರೆ 1 ಕೆ.ಜಿ. ಬೀಜ.

ಈಗ ಒಂದು ಕಂಟೈನರಿನಿಂದ ಹಿಂದಕ್ಕೆ ಲೆಕ್ಕ ಹಾಕೋಣ. 20 ಅಡಿ ಕಂಟೈನರಿನಲ್ಲಿ 60 ಕೆ.ಜಿ.ಯ 320 ಚೀಲ ಹಿಡಿಸುವುದು ರೂಢಿ, ಅಂದರೆ 19.2 ಟನ್. ಕಂಟೈನರ್ ಇನ್ನೂ ಜಾಸ್ತಿ ತೂಕ ತಡೆಯುತ್ತದೆ, ಆದರೆ ಒಳಗಿನ ಸುಮಾರು 33 ಘನ ಮೀಟರ್ ಜಾಗ ಮೊದಲು ತುಂಬಿಹೋಗುತ್ತದೆ. ಯಾವ ಸರಕಿಗೆ ಮೊದಲು ಜಾಗ ಮುಗಿಯುತ್ತದೆ, ಯಾವುದಕ್ಕೆ ಮೊದಲು ತೂಕದ ಮಿತಿ ಮುಟ್ಟುತ್ತದೆ, ಇದನ್ನು ಪ್ರತಿ ಸಲ ಕೇಳಿಕೊಳ್ಳಿ. ಓಟಿ 27 ಅಂತಿಟ್ಟರೆ 19,200 ಕೆ.ಜಿ. ಬೀಜಕ್ಕೆ ಸುಮಾರು 711 ಚೀಲ ಚೆರಿ ಬೇಕು, ಅಂದರೆ 35 ಟನ್ನಿಗಿಂತ ಜಾಸ್ತಿ. ಗ್ರೇಡಿಂಗ್‌ನಲ್ಲಿ ಹೊರಬೀಳುವುದು ಇದರಲ್ಲಿ ಸೇರಿಲ್ಲ.

ಚೆರಿಯನ್ನು ದೂರ ಸಾಗಿಸುವುದು ಅಂದರೆ ಅರ್ಧಕ್ಕೆ ಹತ್ತಿರ ಸಿಪ್ಪೆಗೆ ಬಾಡಿಗೆ ಕೊಡುವುದು! ಸಂಸ್ಕರಣೆಯಲ್ಲಿ ತೂಕ ಕಳೆದುಕೊಳ್ಳುವ ಕಚ್ಚಾವಸ್ತುವಿನ ಕಾರ್ಖಾನೆ ಬೆಳೆಯುವ ಜಾಗದ ಹತ್ತಿರವೇ ನಿಲ್ಲುತ್ತದೆ ಅಂತ ಆಲ್ಫ್ರೆಡ್ ವೆಬರ್ 1909ರಲ್ಲೇ ಬರೆದಿದ್ದರು. ಕುಶಾಲನಗರದ ಕೂಡ್ಲೂರು ಕೈಗಾರಿಕಾ ಪ್ರದೇಶದಲ್ಲಿ ಕಾಫಿ ಘಟಕಗಳು ಸಾಲಾಗಿ ನಿಂತಿರುವುದಕ್ಕೆ ಇದೂ ಒಂದು ಕಾರಣ. ಹಾಗಾದರೆ ಮಡಿಕೇರಿಯಲ್ಲೇ ಯಾಕಿಲ್ಲ? ಕಾವೇರಿ ದಂಡೆಯ ಕುಶಾಲನಗರ ಸಮತಟ್ಟು, ಮಡಿಕೇರಿಗಿಂತ ಮಳೆ ಬಹಳ ಕಡಿಮೆ. ತೇವ ಹೀರಿಕೊಳ್ಳುವ ಸರಕನ್ನು ಮಂಜಿನ ಊರಿನಲ್ಲಿ ರಾಶಿ ಹಾಕಲು ಯಾರಿಗೂ ಮನಸ್ಸು ಬರುವುದಿಲ್ಲ. ಪ್ಲಾಂಟ್ ಲೊಕೇಶನ್ ಅಧ್ಯಾಯ ಓದುವಾಗ ಈ ಒಂದು ಉದಾಹರಣೆ ತಲೆಯಲ್ಲಿಟ್ಟುಕೊಳ್ಳಿ, ಸಾಕು.

ಹೆಜ್ಜೆ 4: ಸಾಗಾಟ, ಮತ್ತು ಒಬ್ಬರಿಗೆ ಅಗ್ಗವಾದದ್ದು ಎಲ್ಲರಿಗೂ ಅಗ್ಗವಲ್ಲ ಅನ್ನುವ ವಿಷಯ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕಂದರೆ ಪರೀಕ್ಷೆಯಲ್ಲಿ, ಎಲ್ಲಿಂದ ಎಲ್ಲಿಗೆ ಎಷ್ಟು ಕಳಿಸಿದರೆ ಒಟ್ಟು ಬಾಡಿಗೆ ಅತಿ ಕಡಿಮೆ ಅನ್ನುವ ಟ್ರಾನ್ಸ್‌ಪೋರ್ಟೇಶನ್ ಪ್ರಾಬ್ಲಂ ಬಿಡಿಸಿದ ಹೆಚ್ಚಿನವರಿಗೆ ಅದು ಏನು ಹೇಳುತ್ತಿದೆ ಅನ್ನೋದೇ ತಲುಪಿರುವುದಿಲ್ಲ.

ಎರಡು ಗೋಡೌನು: ಗೋಣಿಕೊಪ್ಪದಲ್ಲಿ 30 ಟನ್, ಸುಂಟಿಕೊಪ್ಪದಲ್ಲಿ 20 ಟನ್. ಕ್ಯೂರಿಂಗ್‌ಗೆ ಎರಡು ಜಾಗ: ಕುಶಾಲನಗರ ಮತ್ತು ಹುಣಸೂರು, ಎರಡರಲ್ಲೂ 25 ಟನ್ನಿಗೆ ಮಾತ್ರ ಜಾಗ. ಟನ್ನಿಗೆ ಬಾಡಿಗೆಯನ್ನು ಊಹೆಗೆ ಹೀಗೆ ಇಟ್ಟುಕೊಳ್ಳಿ. ಗೋಣಿಕೊಪ್ಪದಿಂದ ಕುಶಾಲನಗರಕ್ಕೆ 700, ಹುಣಸೂರಿಗೆ 800. ಸುಂಟಿಕೊಪ್ಪದಿಂದ ಕುಶಾಲನಗರಕ್ಕೆ 400, ಹುಣಸೂರಿಗೆ 900.

ಗೋಣಿಕೊಪ್ಪದವರು ಮೊದಲು ಫೋನ್ ಮಾಡಿದರು. ಅವರಿಗೆ ಕುಶಾಲನಗರ ಅಗ್ಗ, ಇರುವ 25 ಟನ್ ಜಾಗವನ್ನೂ ಅವರೇ ಹಿಡಿದರು, ಉಳಿದ 5 ಟನ್ ಹುಣಸೂರಿಗೆ. ಅವರ ಖರ್ಚು 21,500. ಸುಂಟಿಕೊಪ್ಪದವರಿಗೆ ಕುಶಾಲನಗರ ಕೂಗಳತೆಯಲ್ಲಿದ್ದರೂ ಜಾಗವಿಲ್ಲ, 20 ಟನ್ನನ್ನೂ ಹುಣಸೂರಿಗೆ ಕಳಿಸಿದರು, 18,000. ಒಟ್ಟು 39,500.

ಇಬ್ಬರೂ ಕೂತು ಮಾತಾಡಿದ್ದರೆ? ಸುಂಟಿಕೊಪ್ಪದ 20 ಟನ್ ಪೂರ್ತಿ ಕುಶಾಲನಗರಕ್ಕೆ, 8,000. ಗೋಣಿಕೊಪ್ಪದ 5 ಟನ್ ಕುಶಾಲನಗರಕ್ಕೆ, 25 ಟನ್ ಹುಣಸೂರಿಗೆ, 23,500. ಒಟ್ಟು 31,500. ಉಳಿದದ್ದು 8,000 ರೂಪಾಯಿ, ಒಂದೇ ಒಂದು ಲಾರಿ ಜಾಸ್ತಿ ಓಡಿಸದೆ.

ಆದರೆ ಗಮನಿಸಿ, ಗೋಣಿಕೊಪ್ಪದವರಿಗೆ ಇದರಿಂದ 2,000 ನಷ್ಟ. ಅವರು ಯಾಕೆ ಒಪ್ಪಬೇಕು? ಸುಂಟಿಕೊಪ್ಪದವರಿಗೆ ಉಳಿದ 10,000ದಲ್ಲಿ ಒಂದು ಪಾಲು ಈ ಕಡೆ ಬಂದರೆ ಮಾತ್ರ ಒಪ್ಪುತ್ತಾರೆ. ಲಾರಿಗೆ ಅತಿ ಕಡಿಮೆ ಖರ್ಚಿನ ದಾರಿ ಹುಡುಕುವುದು ಲಾಜಿಸ್ಟಿಕ್ಸ್. ಆ 10,000ವನ್ನು ಹೇಗೆ ಹಂಚಿದರೆ ಇಬ್ಬರೂ ಮುಂದಿನ ವರ್ಷವೂ ಜೊತೆಗಿರುತ್ತಾರೆ ಅಂತ ಯೋಚಿಸುವುದು ಸಪ್ಲೈ ಚೈನ್ ಮ್ಯಾನೇಜ್‌ಮೆಂಟ್. ಮೊದಲನೆಯದನ್ನು ಎಕ್ಸೆಲ್‌ನ ಸಾಲ್ವರ್ ಮಾಡಿಕೊಡುತ್ತದೆ, ಎರಡನೆಯದನ್ನು ಮಾಡಿಕೊಡುವುದಿಲ್ಲ.

ಇನ್ನು ರಿಟರ್ನ್ ಲೋಡ್. ಬಂದರಿಗೆ ಹೋದ ಲಾರಿ ಖಾಲಿ ವಾಪಸ್ ಬಂದರೆ ಎರಡು ಕಡೆಯ ಡೀಸೆಲ್ಲೂ ಕಾಫಿಯ ತಲೆಗೇ. ಪಣಂಬೂರಿನಲ್ಲಿ ಗೊಬ್ಬರದ ಕಾರ್ಖಾನೆ ಇದೆ, ಕೊಡಗಿನ ತೋಟಗಳಿಗೆ ಗೊಬ್ಬರ ಬೇಕು, ಹಾಗಾದರೆ ಅದನ್ನೇ ತುಂಬಿ ತರಬಹುದಲ್ವಾ ಅಂತ ತಟ್ಟನೆ ಹೊಳೆಯುತ್ತದೆ. ಹೊಳೆಯಲಿ. ಆದರೆ ಕಾಫಿ ಸುತ್ತಲಿನ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ. ಗೊಬ್ಬರ ಹೊತ್ತ ಲಾರಿಯನ್ನು ತೊಳೆದು ಒಣಗಿಸದೆ ಮತ್ತೆ ಕಾಫಿ ತುಂಬುವ ಹಾಗಿಲ್ಲ, ಆ ತೊಳೆಯುವ ಸಮಯವೂ ಖರ್ಚೇ. ಕ್ಯೂರಿಂಗ್‌ನಲ್ಲೇ ಕಂಟೈನರ್ ತುಂಬಿಸಿದರೆ ಗೊಬ್ಬರ ತುಂಬಿ ತರುವ ಈ ದಾರಿಯೇ ಇಲ್ಲ. ಇಂಥ ಸಣ್ಣ ವಿವರಗಳು ನಿಮ್ಮ ಮಾಡೆಲ್ಲಿನಲ್ಲಿ ಇಲ್ಲದಿದ್ದರೆ ವೈವಾದಲ್ಲಿ ಸಿಕ್ಕಿಬೀಳುತ್ತೀರಿ.

ದೂರ ಹಾಕುವಾಗ ಮೊಬೈಲ್ ಮ್ಯಾಪಿನ ಸಮಯ ನಂಬಬೇಡಿ. ಅದು ಕಾರಿನ ಸಮಯ. ಲೋಡು ಲಾರಿ ಸಂಪಾಜೆ ಘಾಟಿಯ ತಿರುವಿನಲ್ಲಿ ಹೇಗೆ ಇಳಿಯುತ್ತದೆ ಅಂತ ಚಾಲಕರನ್ನೇ ಕೇಳಿ. ಆನೆ ರಸ್ತೆಗೆ ಬಂದರೆ ಎಷ್ಟು ಹೊತ್ತು ನಿಲ್ಲಬೇಕು ಅನ್ನೋದನ್ನೂ ಅವರೇ ಹೇಳುತ್ತಾರೆ.

ಹೆಜ್ಜೆ 5: ಎಷ್ಟು ತರಿಸಬೇಕು, ಯಾವಾಗ ತರಿಸಬೇಕು

ಈಗ ಚೈನಿನ ಆ ಕಡೆ ತುದಿಗೆ ಬನ್ನಿ. ಮೈಸೂರಿನಲ್ಲಿ ಒಂದು ಸಣ್ಣ ಕಾಫಿಪುಡಿ ಅಂಗಡಿ, ಬೀಜ ಕುಶಾಲನಗರದಿಂದ. ವರ್ಷಕ್ಕೆ 3,600 ಕೆ.ಜಿ. ಬೇಕು. ಒಂದು ಸಲ ತರಿಸಲು, ಎಷ್ಟೇ ತರಿಸಲಿ, 500 ರೂಪಾಯಿ ಖರ್ಚು. ಒಂದು ಕೆ.ಜಿ.ಯನ್ನು ಒಂದು ವರ್ಷ ಇಟ್ಟುಕೊಳ್ಳಲು 40 ರೂಪಾಯಿ.

ಫೋರ್ಡ್ ಹ್ಯಾರಿಸ್ 1913ರಲ್ಲಿ ಕೊಟ್ಟ ಇಒಕ್ಯು (ಇಕನಾಮಿಕ್ ಆರ್ಡರ್ ಕ್ವಾಂಟಿಟಿ, ಒಂದು ಸಲಕ್ಕೆ ಎಷ್ಟು ತರಿಸಿದರೆ ಒಟ್ಟು ಖರ್ಚು ಅತಿ ಕಡಿಮೆ) ಸೂತ್ರ: 2 × ವರ್ಷದ ಬೇಡಿಕೆ × ಒಂದು ಆರ್ಡರಿನ ಖರ್ಚು ÷ ಇಟ್ಟುಕೊಳ್ಳುವ ಖರ್ಚು, ಇದರ ವರ್ಗಮೂಲ. √(2 × 3,600 × 500 ÷ 40) = √90,000 = 300 ಕೆ.ಜಿ. ಅಂದರೆ ತಿಂಗಳಿಗೊಂದು ಸಲ. ಆರ್ಡರ್ ಖರ್ಚು 6,000, ಇಟ್ಟುಕೊಳ್ಳುವ ಖರ್ಚು 6,000, ಒಟ್ಟು 12,000.

ಇಷ್ಟು ಎಲ್ಲ ಕಡೆ ಸಿಗುತ್ತದೆ. ಈಗ 300ರ ಬದಲು 400 ತರಿಸಿ ನೋಡಿ. ಆರ್ಡರ್ ಖರ್ಚು 4,500, ಇಟ್ಟುಕೊಳ್ಳುವುದು 8,000, ಒಟ್ಟು 12,500. ಪ್ರಮಾಣದಲ್ಲಿ ಮೂರನೇ ಒಂದು ಭಾಗ ತಪ್ಪಿದರೂ ಖರ್ಚು ಏರಿದ್ದು ಸುಮಾರು 4 ಶೇಕಡಾ! ಹಾಗಾಗಿ ಇಒಕ್ಯುವನ್ನು ದಶಾಂಶದ ತನಕ ಲೆಕ್ಕ ಹಾಕಿ ಕೂರಬೇಡಿ, ಲಾರಿಗೆ ಹೊಂದುವ ಸಂಖ್ಯೆಗೆ ತಿರುಗಿಸಿ. ಇನ್ನೊಂದು ವಿಷಯ, ಈ ಸೂತ್ರವನ್ನು ತೋಟದ ಕಡೆಗೆ ಹಾಕಬೇಡಿ. ಬೇಕಾದಾಗ ಬೇಕಾದಷ್ಟು ಸಿಗುತ್ತದೆ ಅನ್ನುವ ನಂಬಿಕೆಯ ಮೇಲೆ ಅದು ನಿಂತಿದೆ, ಕಾಫಿ ಬರುವುದು ವರ್ಷಕ್ಕೊಂದೇ ಸಲ.

ಯಾವಾಗ ತರಿಸಬೇಕು ಅನ್ನುವ ಪ್ರಶ್ನೆ ಇದಕ್ಕಿಂತ ಮುಖ್ಯ. ದಿನಕ್ಕೆ ಸರಾಸರಿ 10 ಕೆ.ಜಿ. ಖರ್ಚಾಗುತ್ತದೆ, ದಿನದ ಏರಿಳಿತದ ಸ್ಟ್ಯಾಂಡರ್ಡ್ ಡೀವಿಯೇಶನ್ 4 ಕೆ.ಜಿ., ಆರ್ಡರ್ ಮಾಡಿದ ಮೇಲೆ ಬರಲು 9 ದಿನ. ನೂರಕ್ಕೆ 95 ಸಲ ಖಾಲಿಯಾಗಬಾರದು ಅಂದರೆ ಗುಣಕ 1.65. ಸೇಫ್ಟಿ ಸ್ಟಾಕ್ (ಏರಿಳಿತಕ್ಕೆ ಅಂತ ಹೆಚ್ಚಿಗೆ ಇಟ್ಟುಕೊಳ್ಳುವುದು) = 1.65 × 4 × √9, ಸುಮಾರು 20 ಕೆ.ಜಿ. 9 ದಿನಕ್ಕೆ 90 ಕೆ.ಜಿ. ಖರ್ಚು, ಅದರ ಮೇಲೆ ಈ 20, ಅಂದರೆ ಗೋಡೌನಿನಲ್ಲಿ 110 ಕೆ.ಜಿ. ಉಳಿದಾಗ ಫೋನ್ ಮಾಡಬೇಕು.

ಇದು ಫೆಬ್ರವರಿಯ ಲೆಕ್ಕ. ಜುಲೈಗೆ ಬನ್ನಿ. ಆಗಲೂ ಸರಾಸರಿ 9 ದಿನವೇ ಅಂತಿಟ್ಟುಕೊಳ್ಳೋಣ. ಆದರೆ ಒಮ್ಮೆ 5 ದಿನಕ್ಕೆ ಬರುತ್ತದೆ, ಇನ್ನೊಮ್ಮೆ ಮರ ಬಿದ್ದು, ಕರೆಂಟು ಹೋಗಿ, ರಸ್ತೆ ಕುಸಿದು 14 ದಿನ. ಬರುವ ದಿನಗಳ ಸ್ಟ್ಯಾಂಡರ್ಡ್ ಡೀವಿಯೇಶನ್ 3 ದಿನ ಅಂತ ಹಾಕಿ. ಈಗ ಎರಡು ಅನಿಶ್ಚಿತತೆಗಳನ್ನೂ ಸೇರಿಸಬೇಕು: 9 × 4² + 10² × 3² = 144 + 900 = 1,044. ಅದರ ವರ್ಗಮೂಲ ಸುಮಾರು 32.3, ಅದನ್ನು 1.65ರಿಂದ ಗುಣಿಸಿದರೆ 53 ಕೆ.ಜಿ.

20 ಇದ್ದದ್ದು 53 ಆಯಿತು. ಗಿರಾಕಿಗಳು ಬದಲಾಗಿಲ್ಲ, ಸರಾಸರಿ ದಿನವೂ ಬದಲಾಗಿಲ್ಲ. ರಸ್ತೆಯ ಮೇಲಿನ ನಂಬಿಕೆ ಮಾತ್ರ ಕಡಿಮೆಯಾಗಿದೆ. ಆ 144 ಮತ್ತು 900ನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ, ಗಿರಾಕಿಯ ಚಂಚಲತೆಗಿಂತ ರಸ್ತೆಯ ಚಂಚಲತೆ ಆರು ಪಟ್ಟು ಭಾರ. 9 ದಿನವನ್ನು 7ಕ್ಕೆ ಇಳಿಸಲು ಒದ್ದಾಡುವವರಿಗೆ ಇದನ್ನು ತೋರಿಸಿ. ಬೇಗ ಬರುವುದಕ್ಕಿಂತ ಹೇಳಿದ ದಿನ ಬರುವುದು ಎಷ್ಟೋ ಸಲ ಹೆಚ್ಚು ದುಡ್ಡು ಉಳಿಸುತ್ತದೆ.

ಹೆಜ್ಜೆ 6: ಮುನ್ನಂದಾಜು

ಕಾಫಿಯಲ್ಲಿ ಹೂಮಳೆ ಬಿದ್ದರೆ ಹೂವು, ಅದರ ಹಿಂದೆ ಇನ್ನೊಂದು ಮಳೆ ಬಂದರೆ ಕಾಯಿ ಕಚ್ಚುತ್ತದೆ. ಕಾಫಿ ಮಂಡಳಿ ಬೆಳೆಯ ಅಂದಾಜನ್ನು ಹೂವಿನ ನಂತರ ಒಮ್ಮೆ, ಮಳೆಗಾಲದ ನಂತರ ಇನ್ನೊಮ್ಮೆ ಕೊಡುತ್ತದೆ. ಕೆಲವು ವರ್ಷಗಳ ಎರಡೂ ಅಂದಾಜು ಮತ್ತು ಕೊನೆಗೆ ಬಂದ ನಿಜವಾದ ಬೆಳೆಯನ್ನು ಪಕ್ಕಪಕ್ಕ ಬರೆದು ಪ್ರತಿಯೊಂದರ ತಪ್ಪು ಎಷ್ಟು ಶೇಕಡಾ ಅಂತ ಹಾಕಿ. ಫೋರ್‌ಕಾಸ್ಟ್ ಎರರ್ ಕಲಿಯಲು ಇಷ್ಟು ಸಾಕು.

ಬುಲ್‌ವಿಪ್ ಬಗ್ಗೆ ಒಂದು ಮಾತು. ಗಿರಾಕಿಯ ಸಣ್ಣ ಏರಿಳಿತ ಚೈನಿನಲ್ಲಿ ಹಿಂದೆ ಹೋದಷ್ಟೂ ದೊಡ್ಡದಾಗುವುದೇ ಅದು. ಉದ್ದ ರಜೆಯ ವಾರಾಂತ್ಯದಲ್ಲಿ ಮಡಿಕೇರಿಗೆ ಪ್ರವಾಸಿಗರು ತುಂಬಿದರು, ಅಂಗಡಿಯವರು ಹೆಚ್ಚು ಕಾಫಿಪುಡಿ ತರಿಸಿದರು, ಅದನ್ನು ನೋಡಿ ಡಿಸ್ಟ್ರಿಬ್ಯೂಟರ್ ಇನ್ನೂ ಹೆಚ್ಚು ತರಿಸಿದರು, ರೋಸ್ಟರ್ ಅದಕ್ಕೂ ಹೆಚ್ಚು. ಸೋಮವಾರ ಪ್ರವಾಸಿಗರು ಹೊರಟರು. ಜೇ ಫಾರೆಸ್ಟರ್ ಈ ಥರದ ಏರಿಳಿತವನ್ನು 1950ರ ದಶಕದ ಕೊನೆಯಲ್ಲೇ ವಿವರಿಸಿದ್ದರು. ಮದ್ದು ಸರಳ: ರೋಸ್ಟರಿಗೆ ಅಂಗಡಿಯ ಆರ್ಡರ್ ಅಲ್ಲ, ಅಂಗಡಿಯಲ್ಲಿ ನಿಜವಾಗಿ ಮಾರಾಟವಾದ ಲೆಕ್ಕ ಕಾಣಬೇಕು.

ಹೆಜ್ಜೆ 7: ಕಾಗದಪತ್ರ

ಇಂಜಿನಿಯರಿಂಗ್‌ನವರು ಇದನ್ನು ಕಾಮರ್ಸ್‌ನವರ ಕೆಲಸ ಅಂತ ಬಿಟ್ಟುಬಿಡುತ್ತಾರೆ. ಬಿಡಬೇಡಿ, ಕಂಟೈನರ್ ಬಂದರಿನಲ್ಲಿ ನಿಲ್ಲುವುದು ಕ್ರೇನ್ ಇಲ್ಲದೆ ಅಲ್ಲ, ಒಂದು ಹಾಳೆ ಇಲ್ಲದೆ. ಶಿಪ್ಪಿಂಗ್ ಬಿಲ್, ಸಸ್ಯ ಆರೋಗ್ಯ ಪ್ರಮಾಣಪತ್ರ, ಕಾಫಿ ಮಂಡಳಿ ಕೊಡುವ ಮೂಲ ಪ್ರಮಾಣಪತ್ರ, ಹಡಗಿನವರ ಬಿಲ್ ಆಫ್ ಲೇಡಿಂಗ್, ಇಷ್ಟಾದರೂ ಏನು ಅಂತ ತಿಳಿದಿರಲಿ.

ಇನ್‌ಕೋಟರ್ಮ್ಸ್‌ನಲ್ಲಿ (ಖರ್ಚು, ಅಪಾಯ ಯಾರದು ಅಂತ ಹೇಳುವ ಅಂತರರಾಷ್ಟ್ರೀಯ ವ್ಯಾಪಾರದ ನಿಯಮಗಳು) 2020ರ ಆವೃತ್ತಿಯ ಪ್ರಕಾರ 11 ಷರತ್ತುಗಳಿವೆ, ಕಾಫಿಗೆ ಮೊದಲು ಎರಡು ಕಲಿಯಿರಿ. ಎಫ್‌ಒಬಿ ಅಂದರೆ ಸರಕು ಹಡಗಿಗೆ ಏರುವ ತನಕ ಖರ್ಚೂ ಅಪಾಯವೂ ಮಾರುವವರದು. ಸಿಐಎಫ್‌ನಲ್ಲಿ ಆ ಕಡೆಯ ಬಂದರಿನ ತನಕ ಬಾಡಿಗೆ ಮತ್ತು ವಿಮೆ ಮಾರುವವರೇ ಕಟ್ಟುತ್ತಾರೆ, ಆದರೆ ಅಪಾಯ ಮಾತ್ರ ಹಡಗೇರಿದಾಗಲೇ ಕೊಳ್ಳುವವರಿಗೆ ದಾಟಿರುತ್ತದೆ. ಈ ಎರಡನೆಯ ಭಾಗ ಇಂಟರ್‌ವ್ಯೂಗಳಲ್ಲಿ ಕೇಳುವಂಥದ್ದು.

ಯುರೋಪಿಗೆ ಕಳಿಸುವವರಿಗೆ ಹೊಸ ತಲೆನೋವೂ ಇದೆ. ಐರೋಪ್ಯ ಒಕ್ಕೂಟ 2023ರಲ್ಲಿ ತಂದ ಅರಣ್ಯನಾಶ ವಿರೋಧಿ ನಿಯಮದ ಪ್ರಕಾರ, ಕಾಫಿ ಬೆಳೆದ ಜಾಗ 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ಮಾಡಿದ್ದಲ್ಲ ಅಂತ ತೋರಿಸಬೇಕು, ಆ ಜಾಗದ ಅಕ್ಷಾಂಶ ರೇಖಾಂಶ ಕೊಡಬೇಕು. ಹತ್ತಾರು ಸಣ್ಣ ಬೆಳೆಗಾರರ ಚೀಲ ಒಂದೇ ರಾಶಿಗೆ ಬೀಳುವ ವ್ಯವಸ್ಥೆಯಲ್ಲಿ ಯಾವ ಬೀಜ ಯಾರ ತೋಟದ್ದು ಅಂತ ಹೇಗೆ ಹೇಳುತ್ತೀರಿ? ಕಂಪ್ಯೂಟರ್ ಸೈನ್ಸ್‌ನವರು ಪ್ರಾಜೆಕ್ಟ್ ಐಡಿಯಾ ಇಲ್ಲ ಅಂತ ಅಳುತ್ತಿರುತ್ತಾರಲ್ಲ, ಇಲ್ಲಿದೆ ನೋಡಿ.

ಹೆಜ್ಜೆ 8: ಕೊಂಡಿ ಕಳಚಿದಾಗ

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದಾಗ ಮಡಿಕೇರಿ–ಸಂಪಾಜೆ ಹೆದ್ದಾರಿ ಬಂದ್ ಆಯಿತು. ಮಂಗಳೂರಿನ ನೇರ ದಾರಿಯೇ ಹೋಯಿತು. ಈಗ ನಿಮ್ಮ ನಕ್ಷೆಯಲ್ಲಿ ಆ ಒಂದು ಗೆರೆ ಅಳಿಸಿ. ಸರಕು ಶಿರಾಡಿ ಕಡೆಯಿಂದ ಹೋಗಬಹುದಾ, ಅಲ್ಲೂ ಮಳೆಗೆ ರಸ್ತೆ ಮುಚ್ಚಿದರೆ? ಮಾಕುಟ್ಟ ದಾಟಿ ಕೇರಳದ ಕಡೆ ಇಳಿದು ಕೊಚ್ಚಿ ಬಂದರಿಗೆ? ಪ್ರತಿ ದಾರಿಗೂ ಹೆಚ್ಚುವರಿ ದಿನ ಮತ್ತು ಹೆಚ್ಚುವರಿ ದುಡ್ಡು ಬರೆಯಿರಿ. ಮೂರು ಘಾಟಿಗಳಿಗೂ ಒಂದೇ ಮುಂಗಾರು ಅನ್ನೋದನ್ನು ಮರೆಯಬೇಡಿ. ಒಂದೇ ಕಾರಣಕ್ಕೆ ಒಟ್ಟಿಗೆ ಮುಚ್ಚುವ ದಾರಿಗಳನ್ನು ಪರ್ಯಾಯ ಅಂತ ಎಣಿಸಿದರೆ ಕಾಗದದಲ್ಲಷ್ಟೇ ಧೈರ್ಯ.

ಸಮುದ್ರದಲ್ಲೂ ಇದೇ ಕಥೆ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ ಮೇಲೆ ದೊಡ್ಡ ಹಡಗು ಕಂಪನಿಗಳು ಸೂಯೆಜ್ ಕಾಲುವೆ ಬಿಟ್ಟು ಆಫ್ರಿಕಾ ಸುತ್ತಿ ಹೋದವು. ಭಾರತದ ಕಾಫಿಯ ದೊಡ್ಡ ಗಿರಾಕಿ ಇಟಲಿ, ಅಲ್ಲಿಗೆ ಹತ್ತಿರದ ದಾರಿ ಸೂಯೆಜ್. ಹೆಜ್ಜೆ 2ರ ದರದಲ್ಲೇ ಲೆಕ್ಕ ಹಾಕಿದರೆ ಒಂದು ಕಂಟೈನರಿನ ಬೆಲೆ ಸುಮಾರು 71 ಲಕ್ಷ, ದಿನದ ಬಡ್ಡಿ 2,300 ರೂಪಾಯಿಯ ಮೇಲೆ. 14 ದಿನ ತಡವಾದರೆ 32,000 ದಾಟುತ್ತದೆ, ಏರಿದ ಹಡಗು ಬಾಡಿಗೆ ಇನ್ನೂ ಬೇರೆ.

ಹೆಜ್ಜೆ 9: ಪ್ರಾಜೆಕ್ಟ್ ಮಾಡುವುದು ಹೇಗೆ

ಇಡೀ ಚೈನ್ ಹಿಡಿಯಬೇಡಿ. ಎರಡು ಕೊಂಡಿ ಸಾಕು, ಉದಾಹರಣೆಗೆ ಗೋಡೌನಿನಿಂದ ಕ್ಯೂರಿಂಗ್ ತನಕ. ಲಾರಿ ಗೇಟಿಗೆ ಬಂದ ಹೊತ್ತು, ತೂಕದ ಹೊತ್ತು, ಇಳಿಸಲು ಶುರು ಮಾಡಿದ ಹೊತ್ತು, ಖಾಲಿಯಾಗಿ ಹೊರಟ ಹೊತ್ತು, ಈ ನಾಲ್ಕನ್ನು ಒಂದು ವಾರ ಬರೆದುಕೊಂಡರೆ ಪುಸ್ತಕದಲ್ಲಿಲ್ಲದ ಡೇಟಾ ನಿಮ್ಮ ಕೈಯಲ್ಲಿರುತ್ತದೆ. ಅಲ್ಲಿಂದ ಸರದಿ ಸಾಲನ್ನು ಲೆಕ್ಕ ಹಾಕುವ ಕ್ಯೂಯಿಂಗ್ ಮಾಡೆಲ್‌ಗೆ ಹೋಗಬಹುದು. ಸಾಫ್ಟ್‌ವೇರ್‌ಗೆ ಎಕ್ಸೆಲ್ ಸಾಕು, ಪೈಥಾನ್ ಬಂದರೆ ಪಲ್ಪ್ ಅಥವಾ ಓಆರ್ ಟೂಲ್ಸ್ ಅನ್ನುವ ಲೈಬ್ರರಿಗಳು ಉಚಿತವಾಗಿ ಸಿಗುತ್ತವೆ.

ಜನವರಿ ಕೊನೆಯಿಂದ ಮಾರ್ಚ್ ತನಕ ಹೋಗಿ, ಆಗಲೇ ಸಾಲು ಇರುವುದು. ಕಾಲೇಜಿನ ಪತ್ರ ತೆಗೆದುಕೊಂಡು, ಮೊದಲೇ ಫೋನ್ ಮಾಡಿ ಹೋಗಿ. ತೋಟದಲ್ಲಾದರೆ ಮಾಲೀಕರಿಗಿಂತ ರೈಟರ್ (ತೋಟದ ಗುಮಾಸ್ತರು) ಹತ್ತಿರ ಜಾಸ್ತಿ ಮಾಹಿತಿ ಇರುತ್ತದೆ, ಕೂಲಿ ಪುಸ್ತಕ, ಚೀಲದ ಲೆಕ್ಕ ಎಲ್ಲ ಅವರ ಕೈಯಲ್ಲೇ. ದರ ಎಷ್ಟಕ್ಕೆ ಕೊಟ್ಟಿರಿ ಅಂತ ಮಾತ್ರ ಮೊದಲ ದಿನವೇ ಕೇಳಬೇಡಿ, ಮಾತು ಅಲ್ಲಿಗೇ ನಿಲ್ಲುತ್ತದೆ. ಎಷ್ಟು ದಿನ ಗೋಡೌನಿನಲ್ಲಿತ್ತು ಅಂತ ಕೇಳಿ. ಅದನ್ನು ಎಲ್ಲರೂ ಹೇಳುತ್ತಾರೆ, ನಿಮಗೆ ಬೇಕಾದದ್ದೂ ಅದೇ.